ಎರಡು ಹೆಡ್ ಬಿದ್ದ ತಕ್ಷಣ ನಿಲ್ಲಿಸಿ: ನಾಣ್ಯದ ಪ್ರಶ್ನೆಯಲ್ಲಿ ಎಣಿಕೆ ತಪ್ಪುವುದು ಎಲ್ಲಿ?

ಡಿಸೆಂಬರ್ ಬಂತೆಂದರೆ ನಮ್ಮ ಮುಂಬೈನ ಪವಾಯಿಯ ಐಐಟಿಯಲ್ಲಿ ಪ್ಲೇಸ್‌ಮೆಂಟ್ ಶುರು. ಅದೇ ಹೊತ್ತಿಗೆ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡದ ಮನೆಗಳಲ್ಲೂ ಇಂಟರ್‌ವ್ಯೂ ಮಾತೇ ಮಾತು. ಬಿಕೆಸಿಯ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ಹಣಕಾಸು ಕಂಪನಿಗೆ ಹೋಗಿ ಬಂದ ಮಗ ಹೇಳುತ್ತಾನೆ: "ಅಪ್ಪಾ, ನಾಣ್ಯ ಚಿಮ್ಮೋ ಲೆಕ್ಕ ಕೇಳಿದ್ರು." ಅಪ್ಪನಿಗೆ ಆಶ್ಚರ್ಯ. ಷೇರು ಪೇಟೆಯ ಕೆಲಸಕ್ಕೂ ನಾಣ್ಯಕ್ಕೂ ಏನು ಸಂಬಂಧ? ಅದರಲ್ಲೂ ಮಗ ಕೊಟ್ಟ ಉತ್ತರ ತಪ್ಪಂತೆ, ಆದರೆ ಎಲ್ಲಿ ತಪ್ಪಿತು ಅಂತ ಅವನಿಗೇ ಸರಿಯಾಗಿ ಗೊತ್ತಾಗಿಲ್ಲ.

ಈ ಲೆಕ್ಕಕ್ಕೆ ದೊಡ್ಡ ಗಣಿತ ಬೇಡ. ಕೂಡಿಸೋದು, ಅರ್ಧ ಮಾಡೋದು ಬಂದರೆ ಸಾಕು. ಹೆಚ್ಚಿನವರು ಜಾರುವ ಜಾಗ ಒಂದೇ, ಅದನ್ನು ಗುರುತು ಹಿಡಿದರೆ ಮಿಕ್ಕಿದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ ಏನು?

ಒಂದು ನಾಣ್ಯವನ್ನು ಚಿಮ್ಮುತ್ತಾ ಹೋಗಿ. ಬೆನ್ನುಬೆನ್ನಿಗೆ ಎರಡು ಹೆಡ್ ಬಿದ್ದ ತಕ್ಷಣ ನಿಲ್ಲಿಸಿ. ಸರಿಯಾಗಿ ಆರನೇ ಸಲಕ್ಕೆ ಆಟ ನಿಲ್ಲುವ ಸಾಧ್ಯತೆ ಎಷ್ಟು? ಸರಾಸರಿ ಎಷ್ಟು ಸಲ ಚಿಮ್ಮಬೇಕಾಗುತ್ತದೆ?

ಮೊದಲು ಎರಡು ಪದ. ಹೆಡ್‌ಗೆ 1, ಟೇಲ್‌ಗೆ 0 ಅಂತ ಬರೆದುಕೊಳ್ಳೋಣ (ಇಲ್ಲಿನ ಮಕ್ಕಳ ಛಾಪಾ-ಕಾಟಾ ಇದೇ). ಆಗ ಪ್ರತಿ ಆಟವೂ 0, 1ಗಳ ಒಂದು ಸಾಲು. ಟೇಲ್, ಹೆಡ್, ಟೇಲ್, ಹೆಡ್, ಹೆಡ್ ಬಿದ್ದರೆ 01011. ಹೀಗೆ ಎರಡೇ ಅಂಕಿಗಳಿರುವುದಕ್ಕೆ ಬೈನರಿ ಸಾಲು ಅನ್ನುತ್ತಾರೆ. ಯಾವಾಗ ಆಟ ಮುಗಿಸಬೇಕು ಅಂತ ಹೇಳುವ ಷರತ್ತು ನಿಲ್ಲಿಸುವ ನಿಯಮ. ಇಲ್ಲಿ ನಿಯಮ "11 ಬಂದ ತಕ್ಷಣ ನಿಲ್ಲು". ಹಾಗಾಗಿ 01011 ಸರಿಯಾದ ಸಾಲು. 01101 ಸರಿಯಲ್ಲ, ಯಾಕೆಂದರೆ ಮೂರನೇ ಅಂಕಿಗೇ ಆಟ ಮುಗಿದಿತ್ತು.

ಉದ್ದ ಬೇರೆ ಆದರೆ ತೂಕವೂ ಬೇರೆ

ಸಂಭವನೀಯತೆ ಅಂದರೆ ನಮಗೆ ಶಾಲೆಯಲ್ಲಿ ಕಲಿಸಿದ್ದು ಇಷ್ಟು: ಬೇಕಾದ ಸಾಧ್ಯತೆಗಳನ್ನು ಎಣಿಸಿ, ಒಟ್ಟು ಸಾಧ್ಯತೆಗಳಿಂದ ಭಾಗಿಸಿ. ಇದರ ಜೊತೆಗೆ ಒಂದು ಷರತ್ತೂ ಇದೆ, ಅದನ್ನು ಬಹಳ ಜನ ಮರೆತುಬಿಡುತ್ತಾರೆ. ಎಣಿಸುವ ಸಾಧ್ಯತೆಗಳೆಲ್ಲ ಒಂದೇ ತೂಕದವಾಗಿರಬೇಕು, ಅಂದರೆ ಒಂದೊಂದೂ ಬೀಳುವ ಅವಕಾಶ ಸಮ ಇರಬೇಕು. ನಿಲ್ಲಿಸುವ ನಿಯಮ ಬಂದ ತಕ್ಷಣ ಸಾಲುಗಳ ಉದ್ದ ಬೇರೆ ಬೇರೆ ಆಗುತ್ತದೆ, ಒಂದೇ ತೂಕ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಇದು ದೊಡ್ಡ ದೊಡ್ಡವರೂ ಜಾರಿದ ಜಾಗ. ಫ್ರಾನ್ಸಿನ ಗಣಿತಜ್ಞ ಡಾಲಂಬೇರ್ 1754ರಲ್ಲಿ, ತಾನೇ ಸಂಪಾದಕನಾಗಿದ್ದ ವಿಶ್ವಕೋಶದಲ್ಲಿ ನಾಣ್ಯದ ಆಟದ ಬಗ್ಗೆ ಬರೆದ. ಎರಡು ಸಲ ಚಿಮ್ಮಿದರೆ ಒಂದು ಸಲವಾದರೂ ಹೆಡ್ ಬೀಳುವ ಸಾಧ್ಯತೆ ಎಷ್ಟು? ಮೊದಲ ಸಲವೇ ಹೆಡ್ ಬಿದ್ದರೆ ಕೆಲಸ ಆಯಿತು, ಎರಡನೇ ಸಲ ಚಿಮ್ಮುವುದೇ ಬೇಡ. ಹಾಗಾಗಿ ಸಾಧ್ಯತೆಗಳು ಮೂರೇ: 1, 01, 00. ಮೂರರಲ್ಲಿ ಎರಡು ಗೆಲುವು, ಉತ್ತರ 2/3 ಅಂದ. ಸರಿಯಾದ ಉತ್ತರ 3/4.

ಎಲ್ಲಿ ತಪ್ಪಿತು? ನಮ್ಮ ಲೋಕಲ್ ರೈಲಿನ ಸೆಂಟ್ರಲ್ ಲೈನನ್ನೇ ನೋಡಿ. ಸಿಎಸ್‌ಎಂಟಿಯಿಂದ ಹೊರಟ ಹಳಿ ಕಲ್ಯಾಣದಲ್ಲಿ ಕವಲಾಗುತ್ತದೆ, ಒಂದು ಕಸಾರಾ ಕಡೆ, ಇನ್ನೊಂದು ಕರ್ಜತ್ ಕಡೆ. ಕರ್ಜತ್ ದಾಟಿದರೆ ಖೋಪೋಲಿ. ಕಲ್ಯಾಣಕ್ಕೆ ಬಂದ 100 ಜನರಲ್ಲಿ ಅರ್ಧ ಜನ ಕಸಾರಾ ಕಡೆ ಹೋದರು, ಉಳಿದವರಲ್ಲಿ ಅರ್ಧ ಜನ ಕರ್ಜತ್‌ನಲ್ಲಿ ಇಳಿದರು, ಇನ್ನರ್ಧ ಖೋಪೋಲಿಗೆ ಹೋದರು ಅಂತ ಇಟ್ಟುಕೊಳ್ಳಿ. ಊರು ಮೂರು, ಆದರೆ ಜನ 50, 25, 25. ಊರು ಮೂರಿದೆ ಅಂತ ಒಂದೊಂದಕ್ಕೂ ಮೂರರಲ್ಲಿ ಒಂದು ಪಾಲು ಜನ ಅಂದರೆ ಯಾರೂ ಒಪ್ಪಲ್ಲ, ಅಲ್ವಾ? ಡಾಲಂಬೇರ್ ಎಣಿಸಿದ್ದು ಊರುಗಳನ್ನು. ಎಣಿಸಬೇಕಾಗಿದ್ದು ಜನರನ್ನು.

ಹಾಗಾಗಿ ನಿಯಮ ಸರಳ. ಪ್ರತಿ ಸಲ ಚಿಮ್ಮಿದಾಗಲೂ ತೂಕ ಅರ್ಧ ಆಗುತ್ತದೆ. ಒಂದು ಅಂಕಿಯ ಸಾಲಿನ ತೂಕ 1/2, ಎರಡು ಅಂಕಿಯದು 1/4, ಮೂರರದು 1/8, ಆರರದು 1/64. ಮೊದಲು ಉದ್ದದ ಪ್ರಕಾರ ಗುಂಪು ಮಾಡಿ, ಗುಂಪಿನೊಳಗೆ ಎಣಿಸಿ, ಆಮೇಲೆ ಆ ಗುಂಪಿನ ತೂಕದಿಂದ ಗುಣಿಸಿ.

ನಿಂತ ಆಟವನ್ನು ಮುಂದುವರಿಸಿ ನೋಡುವುದು

ಇನ್ನೊಂದು ದಾರಿಯೂ ಇದೆ, ಮತ್ತು ಅದು ಡಾಲಂಬೇರ್‌ಗಿಂತ ನೂರು ವರ್ಷ ಹಳೆಯದು.

ಸೊಸೈಟಿಯ ಕೆಳಗೆ ಇಬ್ಬರು ಕ್ಯಾರಂ ಆಡುತ್ತಿದ್ದಾರೆ. ಇಬ್ಬರೂ ಸಮಬಲದವರು. ಮೊದಲು ಎರಡು ಗೇಮ್ ಗೆದ್ದವರಿಗೆ 400 ರೂಪಾಯಿ. ಒಬ್ಬ ಮೊದಲ ಗೇಮ್ ಗೆದ್ದ, ಅಷ್ಟರಲ್ಲಿ ಕರೆಂಟ್ ಹೋಯಿತು. ದುಡ್ಡು ಹೇಗೆ ಹಂಚಬೇಕು?

ಮುಂದೆ ಏನಾಗಬಹುದು ಅಂತ ಬರೆಯಿರಿ. ಮುಂದಿದ್ದವನು ಗೆದ್ದರೆ 1, ಸೋತರೆ 0. ಆಗ 1 (ಅಲ್ಲೇ ಮುಗಿಯಿತು), 01, 00. ಮತ್ತೆ ಅದೇ ಮೂರು ಸಾಲು! ಸುಮ್ನೆ ಎಣಿಸಿದರೆ ಅವನಿಗೆ ಮೂರರಲ್ಲಿ ಎರಡು ಪಾಲು. ತೂಕ ಹಾಕಿದರೆ 1/2 ಮತ್ತು 1/4 ಸೇರಿ 3/4, ಅಂದರೆ 300 ರೂಪಾಯಿ. ಸೋತವನಿಗೆ 100.

ಅರ್ಧಕ್ಕೆ ನಿಂತ ಆಟದ ದುಡ್ಡು ಹಂಚುವ ಈ ಪ್ರಶ್ನೆಯನ್ನೇ 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಚರ್ಚಿಸಿದರು. ಸಂಭವನೀಯತೆಯ ಗಣಿತ ಅಲ್ಲಿಂದಲೇ ಗಟ್ಟಿಯಾಗಿ ಶುರುವಾಯಿತು ಅನ್ನುವವರು ಬಹಳ. ಫರ್ಮಾನ ಉಪಾಯ ನನಗೆ ಇವತ್ತಿಗೂ ತುಂಬಾ ಇಷ್ಟ: ಗೆಲುವು ನಿರ್ಧಾರ ಆದ ಮೇಲೂ ಆಟ ಮುಂದುವರಿಯಿತು ಅಂತ ಸುಮ್ನೆ ಭಾವಿಸಿ, ಎಲ್ಲ ಸಾಲುಗಳನ್ನೂ ಒಂದೇ ಉದ್ದಕ್ಕೆ ಎಳೆಯಿರಿ. ಆಗ 1 ಅನ್ನುವ ಸಾಲು 10 ಮತ್ತು 11 ಅಂತ ಎರಡಾಗುತ್ತದೆ. ಒಟ್ಟು ಸಾಲು 10, 11, 01, 00. ಎಲ್ಲವೂ ಒಂದೇ ಉದ್ದ, ಒಂದೇ ತೂಕ. ನಾಲ್ಕರಲ್ಲಿ ಮೂರು ಗೆಲುವು.

ಆಡದೇ ಇರುವ ಆಟವನ್ನು ಲೆಕ್ಕಕ್ಕೆ ಹಿಡಿಯುವುದು ಹೇಗೆ ಸರಿ ಅಂತ ರೋಬೆರ್ವಾಲ್ ಎಂಬ ಗಣಿತಜ್ಞ ಆಗಲೇ ತಕರಾರು ತೆಗೆದಿದ್ದ. ನ್ಯಾಯವಾದ ಅನುಮಾನವೇ. ಆದರೆ ಗೆಲುವು ನಿರ್ಧಾರ ಆದ ಮೇಲೆ ಆಡಿದರೂ ಬಿಟ್ಟರೂ ಫಲಿತಾಂಶ ಬದಲಾಗಲ್ಲ. ಬದಲಾಗುವುದು ನಮ್ಮ ಎಣಿಕೆಯ ಅನುಕೂಲ ಮಾತ್ರ.

ಈಗ ಎರಡು ಹೆಡ್

ಮೊದಲಿನ ಪ್ರಶ್ನೆಗೆ ಬರೋಣ. 11 ಬಂದಾಗ ನಿಲ್ಲುವ ಸಾಲುಗಳನ್ನು ಉದ್ದದ ಪ್ರಕಾರ ಬರೆಯೋಣ.

ಉದ್ದ 2: 11
ಉದ್ದ 3: 011
ಉದ್ದ 4: 0011, 1011
ಉದ್ದ 5: 00011, 01011, 10011
ಉದ್ದ 6: 000011, 001011, 010011, 100011, 101011

ಎಣಿಕೆ 1, 1, 2, 3, 5. ಮುಂದೆ 8, 13, 21, 34. ಪ್ರತಿ ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ. ಫಿಬೊನಾಚಿ ಸಂಖ್ಯೆಗಳು ಅಂತ ನೀವು ಕೇಳಿರಬಹುದು. ಇವು ಇಲ್ಲಿ ಯಾಕೆ ಬಂದವು?

ಸಾಲಿನ ಶುರುವನ್ನು ನೋಡಿ. ಮೊದಲ ಅಂಕಿ 0 ಆದರೆ ಅದು ವ್ಯರ್ಥ, ಹೊಸದಾಗಿ ಶುರು ಮಾಡಿದ ಹಾಗೆ, ಉದ್ದ ಒಂದು ಕಮ್ಮಿ. ಮೊದಲ ಅಂಕಿ 1 ಆದರೆ, ಆಟ ಅಲ್ಲೇ ಮುಗಿಯದಿದ್ದರೆ ಮುಂದಿನದು 0 ಆಗಲೇಬೇಕು. ಅಂದರೆ 10 ಬಿದ್ದು ಮತ್ತೆ ಹೊಸದಾಗಿ ಶುರು, ಉದ್ದ ಎರಡು ಕಮ್ಮಿ. ಹಾಗಾಗಿ ಆರು ಅಂಕಿಯ ಸಾಲುಗಳು = ಐದು ಅಂಕಿಯವು + ನಾಲ್ಕು ಅಂಕಿಯವು. 5 = 3 + 2.

ಅಂದರೆ ಪ್ರತಿ ಸಾಲೂ 0 ಮತ್ತು 10 ಅನ್ನುವ ಎರಡೇ ತುಂಡುಗಳ ಜೋಡಣೆ, ಕೊನೆಗೆ ಒಂದು 11. ಒಂದು ತುಂಡಿನ ಅಳತೆ ಒಂದು, ಇನ್ನೊಂದರದು ಎರಡು. ಹೈಸ್ಕೂಲಿನ ಕನ್ನಡ ಕ್ಲಾಸಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ಇದು ನೆನಪಾಗಬೇಕು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. 0 ಅಂದರೆ ಲಘು, 10 ಅಂದರೆ ಗುರು ಅಂತ ಇಟ್ಟುಕೊಳ್ಳಿ. ಕಂದಪದ್ಯದಲ್ಲಿ ಬರುವ ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಐದು: ನಾಲ್ಕೂ ಲಘು, ಲಘು ಲಘು ಗುರು, ಲಘು ಗುರು ಲಘು, ಗುರು ಲಘು ಲಘು, ಗುರು ಗುರು. ಮೇಲೆ ಬರೆದ ಆರು ಅಂಕಿಯ ಐದು ಸಾಲುಗಳಿಂದ ಕೊನೆಯ 11 ಕಿತ್ತುಹಾಕಿ ನೋಡಿ, ಉಳಿಯುವುದು ಈ ಐದು ಗಣಗಳೇ, ಇದೇ ಕ್ರಮದಲ್ಲಿ. ಭಾಮಿನಿ ಷಟ್ಪದಿಯ ಮೂರು ಮಾತ್ರೆಯ ಗಣ ಮೂರು ಬಗೆ, ಅದು ಐದು ಅಂಕಿಯ ಮೂರು ಸಾಲು.

ಇದು ಬರೀ ಕಾಕತಾಳೀಯ ಅಲ್ಲ. ಈ ಸಂಖ್ಯೆಗಳನ್ನು ನಮ್ಮ ದೇಶದ ಛಂದಸ್ಸಿನ ಪಂಡಿತರು ಮಾತ್ರೆ ಎಣಿಸುತ್ತಲೇ ಕಂಡುಕೊಂಡಿದ್ದರು. ವಿರಹಾಂಕ, ಆಮೇಲೆ 12ನೇ ಶತಮಾನದಲ್ಲಿ ಗುಜರಾತಿನ ಹೇಮಚಂದ್ರ, ಹಿಂದಿನ ಎರಡನ್ನು ಕೂಡಿಸುವ ಈ ನಿಯಮ ಕೊಟ್ಟಿದ್ದಾರೆ. ಇಟಲಿಯ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ.

ಈಗ ಉತ್ತರ ಸುಲಭ. ಆರನೇ ಸಲಕ್ಕೆ ನಿಲ್ಲುವ ಸಾಲು 5, ಒಂದೊಂದರ ತೂಕ 1/64. ಸಾಧ್ಯತೆ 5/64, ಅಂದರೆ ಸುಮಾರು 7.8%.

1024 ಜನ ಆಡಿದರೆ

ಭಿನ್ನರಾಶಿ ನೋಡಿದರೆ ತಲೆ ಕೆಡುವವರು ಜನರನ್ನೇ ಎಣಿಸಬಹುದು. 1024 ಜನ ಒಟ್ಟಿಗೆ ಆಡುತ್ತಿದ್ದಾರೆ, ಎಲ್ಲವೂ ಲೆಕ್ಕದ ಪ್ರಕಾರವೇ ನಡೆಯುತ್ತಿದೆ ಅಂತ ಇಟ್ಟುಕೊಳ್ಳಿ. ಎರಡನೇ ಸಲಕ್ಕೆ 256 ಜನ ಮುಗಿಸಿ ಏಳುತ್ತಾರೆ. ಮೂರನೇ ಸಲಕ್ಕೆ 128, ನಾಲ್ಕಕ್ಕೆ 128. ಅಲ್ಲಿಗೆ 512, ಸರಿಯಾಗಿ ಅರ್ಧ ಜನ. ಐದಕ್ಕೆ 96, ಆರಕ್ಕೆ 80, ಏಳಕ್ಕೆ 64, ಎಂಟಕ್ಕೆ 52, ಒಂಬತ್ತಕ್ಕೆ 42, ಹತ್ತಕ್ಕೆ 34. ಹತ್ತು ಸಲ ಆದಾಗ ಒಟ್ಟು 880 ಜನ ಎದ್ದಿದ್ದಾರೆ, 144 ಜನ ಇನ್ನೂ ಚಿಮ್ಮುತ್ತಲೇ ಇದ್ದಾರೆ.

ಈ ಹತ್ತು ಸಲದ ಲೆಕ್ಕದಲ್ಲಿ ಫರ್ಮಾನ ಉಪಾಯವೂ ಅಡಗಿದೆ. ಹತ್ತು ಅಂಕಿಯ ಸಾಲು ಒಟ್ಟು 1024. 11ರಲ್ಲೇ ನಿಂತವನ ಸಾಲಿನ ಮುಂದೆ ಇನ್ನೂ ಎಂಟು ಖಾಲಿ ಜಾಗ ಉಳಿದಿದೆ, ಅದನ್ನು 256 ರೀತಿಯಲ್ಲಿ ತುಂಬಬಹುದು. ಆ 256 ಜನ ಬಂದದ್ದು ಅಲ್ಲಿಂದ.

ಅರ್ಧ ಜನ ನಾಲ್ಕನೇ ಸಲಕ್ಕೇ ಮುಗಿಸಿದರೂ ಸರಾಸರಿ ನಾಲ್ಕಲ್ಲ, ಆರು. ಕೊನೆಯವರೆಗೂ ಉಳಿದ ಕೆಲವರು ತುಂಬಾ ಹೊತ್ತು ಆಡುತ್ತಾರೆ, ಅವರ ಉದ್ದುದ್ದ ಆಟಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ.

ಆ ಆರು ಬಂದದ್ದು ಹೇಗೆ?

ಎಲ್ಲ ಸಾಲುಗಳನ್ನೂ ಕೂಡಿಸುವ ಅಗತ್ಯ ಇಲ್ಲ. ಶುರುವಿನಿಂದ ಬೇಕಾಗುವ ಸರಾಸರಿಯನ್ನು "ಅ" ಅನ್ನೋಣ. ಒಂದು ಹೆಡ್ ಈಗಷ್ಟೇ ಬಿದ್ದಿದೆ, ಇನ್ನೆಷ್ಟು ಬೇಕು ಅನ್ನುವ ಸರಾಸರಿ "ಬ".

ಶುರುವಿನಲ್ಲಿ ಮೊದಲು ಒಂದು ಹೆಡ್ ಬೀಳಬೇಕು. ಪ್ರತಿ ಸಲವೂ ಅದರ ಸಾಧ್ಯತೆ ಅರ್ಧ, ಹಾಗಾಗಿ ಅದಕ್ಕೆ ಸರಾಸರಿ ಎರಡು ಸಲ. ಆಮೇಲೆ ಬ. ಹಾಗಾಗಿ ಅ = 2 + ಬ. ಒಂದು ಹೆಡ್ ಕೈಯಲ್ಲಿದ್ದಾಗ ಇನ್ನೊಂದು ಸಲ ಚಿಮ್ಮುತ್ತೀರಿ. ಅರ್ಧ ಸಲ ಆಟ ಮುಗಿಯುತ್ತದೆ, ಅರ್ಧ ಸಲ ಟೇಲ್ ಬಿದ್ದು ಮೊದಲಿಗೇ ವಾಪಸ್. ಹಾಗಾಗಿ ಬ = 1 + ಅ/2. ಎರಡನ್ನೂ ಸೇರಿಸಿದರೆ ಅ = 3 + ಅ/2. ಅಂದರೆ ಅ = 6, ಬ = 4.

ಹೆಡ್-ಟೇಲ್‌ಗೆ ನಾಲ್ಕೇ ಸಾಕು, ಯಾಕೆ?

ಇಂಟರ್‌ವ್ಯೂನಲ್ಲಿ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಇದು. ನಿಲ್ಲುವ ನಿಯಮ 11 ಬದಲು 10 ಆದರೆ? ಎರಡಕ್ಕೂ ಸಾಧ್ಯತೆ 1/4, ಹಾಗಾಗಿ ಎರಡಕ್ಕೂ ಒಂದೇ ಸರಾಸರಿ ಅಂತ ಮನಸ್ಸು ಹೇಳುತ್ತದೆ. ಆದರೆ 10ಕ್ಕೆ ಸರಾಸರಿ 4 ಮಾತ್ರ.

ಒಂದು ಹೆಡ್ ಬಿದ್ದ ಮೇಲೆ ಏನಾಗುತ್ತದೆ ನೋಡಿ. 11ಕ್ಕೆ ಕಾಯುವವನಿಗೆ ಟೇಲ್ ಬಿದ್ದರೆ ಕೈಯಲ್ಲಿದ್ದ ಹೆಡ್ ಕೂಡ ಹೋಯಿತು, ಮತ್ತೆ ಸೊನ್ನೆಯಿಂದ ಶುರು. 10ಕ್ಕೆ ಕಾಯುವವನಿಗೆ ಬೇಡದ ಹೆಡ್ ಬಿದ್ದರೂ ನಷ್ಟ ಇಲ್ಲ, ಆ ಹೊಸ ಹೆಡ್ಡೇ ಅವನ ಮುಂದಿನ ಶುರು. ಅವನು ಒಂದು ಹೆಡ್‌ಗೆ ಎರಡು ಸಲ, ಆಮೇಲೆ ಒಂದು ಟೇಲ್‌ಗೆ ಎರಡು ಸಲ ಕಾದರೆ ಆಯಿತು. 2 + 2 = 4.

ಇನ್ನೊಂದು ರೀತಿಯಲ್ಲೂ ನೋಡಬಹುದು. ತುಂಬಾ ಉದ್ದದ ಸಾಲಿನಲ್ಲಿ 11 ಮತ್ತು 10 ಸರಿಸುಮಾರು ಸಮ ಸಂಖ್ಯೆಯಲ್ಲೇ ಬರುತ್ತವೆ. ಆದರೆ 11 ಗುಂಪುಗುಂಪಾಗಿ ಬರುತ್ತದೆ: 1111 ಅನ್ನುವುದರಲ್ಲೇ ಮೂರು 11 ಒಂದರ ಮೇಲೊಂದು ಕೂತಿವೆ. 10 ಹಾಗೆ ಒಂದರ ಮೇಲೊಂದು ಕೂರಲು ಆಗಲ್ಲ. ಒಂದೇ ಕಡೆ ರಾಶಿ ಬಿದ್ದರೆ ರಾಶಿಗಳ ನಡುವಿನ ಅಂತರ ಜಾಸ್ತಿ ಆಗಲೇಬೇಕು, ಮೊದಲನೆಯದಕ್ಕೆ ಕಾಯುವುದೂ ಜಾಸ್ತಿ.

ಆದರೆ ಒಂದೇ ನಾಣ್ಯದ ಮೇಲೆ ಒಬ್ಬ 11ಕ್ಕೆ, ಇನ್ನೊಬ್ಬ 10ಕ್ಕೆ ಪಂದ್ಯ ಕಟ್ಟಿದರೆ ಇಬ್ಬರಿಗೂ ಗೆಲ್ಲುವ ಸಾಧ್ಯತೆ ಸಮ! ಮೊದಲ ಹೆಡ್ ಬಿದ್ದ ಮೇಲಿನ ಒಂದೇ ಟಾಸ್ ಎಲ್ಲವನ್ನೂ ನಿರ್ಧರಿಸುತ್ತದೆ. ಯಾರು ಮೊದಲು ಅನ್ನುವುದು ಒಂದು ಪ್ರಶ್ನೆ, ಸರಾಸರಿ ಎಷ್ಟು ಹೊತ್ತು ಅನ್ನುವುದು ಬೇರೆ ಪ್ರಶ್ನೆ. ಅದೇ 11ರ ಎದುರು 01 ಹಿಡಿದವನು ನಾಲ್ಕರಲ್ಲಿ ಮೂರು ಸಲ ಗೆಲ್ಲುತ್ತಾನೆ, ಯಾಕೆಂದರೆ ಮೊದಲ ಎರಡೂ ಹೆಡ್ ಆಗದಿದ್ದರೆ ಎಲ್ಲೋ ಒಂದು ಟೇಲ್ ಬಿದ್ದಿರುತ್ತದೆ, ಆಮೇಲೆ ಬರುವ ಮೊದಲ ಹೆಡ್‌ಗೇ 01 ಆಗಿಬಿಡುತ್ತದೆ.

ನಿಯಮದಿಂದ ಒಟ್ಟು ಪ್ರಮಾಣ ಬದಲಾಗುತ್ತಾ?

ಇದೂ ಹಳೆಯ ಪ್ರಶ್ನೆಯೇ. ಒಂದು ಊರಿನಲ್ಲಿ ಪ್ರತಿ ಮನೆಯವರೂ ಗಂಡು ಮಗು ಆಗುವವರೆಗೆ ಮಕ್ಕಳನ್ನು ಪಡೆದು ಆಮೇಲೆ ನಿಲ್ಲಿಸಿದರೆ, ಊರಿನಲ್ಲಿ ಯಾರು ಜಾಸ್ತಿ? ಗಂಡು-ಹೆಣ್ಣು ಎರಡಕ್ಕೂ ಸಮ ಸಾಧ್ಯತೆ ಅಂತ ಹಿಡಿಯಿರಿ. 1024 ಮನೆಗಳಲ್ಲಿ ಮೊದಲ ಮಗು 512 ಗಂಡು, 512 ಹೆಣ್ಣು. ಹೆಣ್ಣು ಹುಟ್ಟಿದ 512 ಮನೆಗಳಲ್ಲಿ ಮುಂದಿನದು 256 ಗಂಡು, 256 ಹೆಣ್ಣು. ಹೀಗೆ ಪ್ರತಿ ಸುತ್ತಿನಲ್ಲೂ ಸಮಸಮ. ಕೊನೆಗೂ ಸಮ. ಯಾವಾಗ ನಿಲ್ಲಿಸಬೇಕು ಅಂತ ಮನೆಯವರು ತೀರ್ಮಾನಿಸಬಹುದು, ಮುಂದಿನ ಮಗು ಯಾವುದು ಅಂತ ಆ ತೀರ್ಮಾನ ಹೇಳಲ್ಲ.

ಕಂಪನಿಯವರಿಗೆ ಇದರಿಂದ ಏನು?

ಅಪ್ಪಂದಿರ ಪ್ರಶ್ನೆಗೆ ಉತ್ತರ: ದುಡ್ಡಿನ ಲೋಕದಲ್ಲಿ ಎಷ್ಟೋ ತೀರ್ಮಾನಗಳು ನಿಲ್ಲಿಸುವ ನಿಯಮಗಳೇ. ಬೆಲೆ ಇಷ್ಟಕ್ಕೆ ಇಳಿದರೆ ಮಾರು, ಇಷ್ಟಕ್ಕೆ ಏರಿದರೆ ಬಿಡು. ಅಲ್ಲಿ ಬೇರೆ ಬೇರೆ ಉದ್ದದ ದಾರಿಗಳನ್ನು ಒಂದೇ ತೂಕದಲ್ಲಿ ಎಣಿಸಿದರೆ ನಿಜವಾದ ದುಡ್ಡೇ ಹೋಗುತ್ತದೆ. ನಾಣ್ಯದ ಪ್ರಶ್ನೆಯಿಂದ ಅವರು ನೋಡುವುದು ಆ ಎಚ್ಚರವನ್ನು.

ಕಾರ್ಖಾನೆಗಳಲ್ಲೂ ಇದೇ ವಿಷಯ. ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್, ಮಾಲನ್ನು ಒಂದೊಂದಾಗಿ ಪರೀಕ್ಷಿಸುತ್ತಾ ಹೋಗಿ, ಸಾಕಷ್ಟು ಸಾಕ್ಷಿ ಸಿಕ್ಕ ತಕ್ಷಣ ನಿಲ್ಲಿಸುವ ವಿಧಾನ ರೂಪಿಸಿದ. ಮೊದಲೇ ಇಷ್ಟು ಅಂತ ಗೊತ್ತು ಮಾಡಿ ಪರೀಕ್ಷಿಸುವುದಕ್ಕಿಂತ ಸರಾಸರಿ ಕಮ್ಮಿ ಮಾಲಿನಲ್ಲೇ ತೀರ್ಮಾನ ಸಿಗುತ್ತದೆ. ಅವನು 1950ರ ಡಿಸೆಂಬರ್‌ನಲ್ಲಿ ಭಾರತದಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗ, ನೀಲಗಿರಿ ಬೆಟ್ಟದಲ್ಲಿ ವಿಮಾನ ಅಪಘಾತವಾಗಿ ಹೆಂಡತಿಯ ಜೊತೆ ತೀರಿಕೊಂಡ. ಆಗ ಅವನಿಗೆ 48 ವರ್ಷ.

ನಿಮ್ಮ ಮೊಬೈಲ್‌ನ ಫೋಟೋದಲ್ಲೂ ಇಂಥ ಸಾಲುಗಳಿವೆ. ನಿಂತ ಸಾಲುಗಳಿಗೆ ಒಂದು ಗುಣ ಇದೆ: ಯಾವ ಸಾಲೂ ಇನ್ನೊಂದರ ಶುರುವಿನ ಭಾಗ ಆಗಿರಲ್ಲ, ಆಗಿದ್ದರೆ ಆಟ ಅಲ್ಲೇ ನಿಂತಿರುತ್ತಿತ್ತು. ಹಾಗಾಗಿ ನಡುವೆ ಜಾಗ ಬಿಡದೆ ಬರೆದರೂ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ತಿಳಿಯುತ್ತದೆ. 011110011 ಅನ್ನುವುದನ್ನು 011, 11, 0011 ಅಂತ ಮಾತ್ರ ಒಡೆಯಬಹುದು. 1952ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಹಫ್‌ಮನ್ ಈ ಗುಣವಿರುವ ಸಾಲುಗಳಲ್ಲಿ, ಹೆಚ್ಚು ಸಲ ಬರುವುದಕ್ಕೆ ಚಿಕ್ಕ ಸಾಲು, ಅಪರೂಪಕ್ಕೆ ಬರುವುದಕ್ಕೆ ಉದ್ದದ ಸಾಲು ಕೊಡುವ ಕ್ರಮ ಹೇಳಿದ. ಜೆಪೆಗ್ ಫೋಟೋಗಳು ಅದನ್ನು ಬಳಸುತ್ತವೆ.

ಮೂರು ಹೆಡ್ ಕೇಳಿದರೆ

ಇಷ್ಟು ಗೊತ್ತಾದ ಮೇಲೆ ಬೆನ್ನುಬೆನ್ನಿಗೆ ಮೂರು ಹೆಡ್ ಕಷ್ಟ ಅಲ್ಲ. ಉದ್ದ 3ರಿಂದ ಶುರು ಮಾಡಿದರೆ ಸಾಲುಗಳ ಎಣಿಕೆ 1, 1, 2, 4, 7, 13. ಈಗ ತುಂಡುಗಳು 0, 10, 110 ಅಂತ ಮೂರು, ಹಾಗಾಗಿ ಹಿಂದಿನ ಮೂರನ್ನು ಕೂಡಿಸಬೇಕು. ಸರಾಸರಿಗೆ: ಎರಡು ಹೆಡ್ ತಲುಪಲು 6, ಆಮೇಲೆ ಇನ್ನೊಂದು ಟಾಸ್, ಒಟ್ಟು 7. ಅರ್ಧ ಸಲ ಮುಗಿಯುತ್ತದೆ, ಅರ್ಧ ಸಲ ಪೂರ್ತಿ ಮೊದಲಿಂದ. ಸರಾಸರಿ ಎರಡು ಪ್ರಯತ್ನ, ಹಾಗಾಗಿ 14. ಇದೇ ರೀತಿ ಒಂದು ಕೂಡಿಸಿ ಎರಡರಿಂದ ಗುಣಿಸುತ್ತಾ ಹೋದರೆ ನಾಲ್ಕು ಹೆಡ್‌ಗೆ 30, ಐದಕ್ಕೆ 62.